ನನ್ನ ಎಡಗೈಗೆ ಗೊತ್ತಿದ್ದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೈಯುವಾಗ ನಿಮಗೂ ಸಲೀಸು, ನನಗೂ ಸಲೀಸು. ನಮ್ಮ ಅತ್ತೆಗೆ ಎಲ್ಲಿ ನೋಯುತ್ತಿದೆ ಎಂಬುದನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಂಡವನು ನಾನು. ಕಂಡು ಅಪ್ಪನಿಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ. ಒಂದು ಭಾನುವಾರ ಊಟವಾದ ಮೇಲೆ ಹದಿನಾಲ್ಕು ಜನರನ್ನು ಕೂಡಿಸಿಕೊಂಡು ಅದರ ನಕಲು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ನಕಲು ಚೆನ್ನಾಗಿಯೇ ಬಂದಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ರೈಲ್ವೆಯಲ್ಲಿದ್ದ ಅಪ್ಪನಿಗೆ ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾದಾಗ ಅಣ್ಣನ ಟ್ರಂಕು, ಹಾಸಿಗೆ ಸುರುಳಿಯ ಜೊತೆಗೆ ತಾನೂ ಬಂದವಳು. ಮದುವೆಯಾಗಲಿಲ್ಲ. ಇಲ್ಲಿಯೇ ಮರಾಠಿ ಕಲಿತು, ಸದರ್ ಬಡಾವಣೆಯ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆದಳು. ಹುಬ್ಬಳ್ಳಿಯ ಹೆಣ್ಣುಮಗಳು ನಾಗಪುರದ ಮಕ್ಕಳಿಗೆ ಮರಾಠಿಯಲ್ಲಿ ಭಾಗಾಕಾರ ಕಲಿಸಿ, ಸಂಜೆ ಲಕ್ಷ್ಮೀ ನಗರದ ಮನೆಗೆ ಬಂದು ನನಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದಳು. ಅಡುಗೆಮನೆಯ ನೆಲವೇ ಪಾಟಿ, ಶಾಲೆಯಿಂದ ತಂದ ಚಾಕ್ ಚೂರೇ ಬಳಪ. ನನ್ನ ವಾರಗೆಯ ಇಲ್ಲಿನ ಕನ್ನಡದ ಹುಡುಗರಲ್ಲಿ ಕನ್ನಡ ಬರೆಯಬಲ್ಲವನು ಬಹುಶಃ ನಾನೊಬ್ಬನೇ. ಆದ್ದರಿಂದ ಇಲ್ಲಿ ಒತ್ತಕ್ಷರ ತಪ್ಪಿದ್ದರೆ ತಪ್ಪು ನನ್ನದು. ಬರೆದದ್ದೇ ತಪ್ಪು ಎನ್ನುವುದಾದರೆ ಅದರಲ್ಲಿ ಅತ್ತೆಗೂ ಪಾಲಿದೆ.

ನಕಲು ಮಾಡುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ದನಿ ಇರುವುದು ಗಂಟಲಿನಲ್ಲಲ್ಲ, ಮೈಯಲ್ಲಿ ಎಂಬುದು ನನಗೆ ಸಣ್ಣವನಿದ್ದಾಗಲೇ ಹೊಳೆದಿತ್ತು. ನಿಲ್ಲುವ ಭಂಗಿ ಸಿಕ್ಕಿದರೆ ದನಿ ತಾನಾಗಿ ಬರುತ್ತದೆ. ಅಪ್ಪ ಎರಡು ಸಲ ಕೆಮ್ಮಿ, ಕನ್ನಡಕವನ್ನು ಹಣೆಗೇರಿಸಿ, ಯಾವ ಮಾತನ್ನೇ ಆಗಲಿ ಕೊನೆಗೆ ‘ಬರೋಬರ್?’, ಅಂದರೆ ಸರಿ ತಾನೆ, ಎಂದು ಮುಗಿಸುತ್ತಾನೆ. ಅದು ನನ್ನ ಮೊದಲ ಐಟಂ. ಅತ್ತೆ ತರಗತಿಯನ್ನು ಸುಮ್ಮನಿರಿಸುವುದು ಎರಡನೆಯದು: ‘ಹಾತಾಚಿ ಘಡೀ, ತೋಂಡಾವರ್ ಬೋಟ್.’ ಕೈ ಕಟ್ಟಿ, ಬಾಯಿಯ ಮೇಲೆ ಬೆರಳಿಡಿ ಅಂತ. ಅವ್ವ, ಎದುರುಮನೆಯ ಕಾಕು, ಹಿಂಗಣಾದಲ್ಲಿ ನಾನು ಕೆಲಸ ಮಾಡುವ ಫೌಂಡ್ರಿಯ ಸೂಪರ್‌ವೈಜರ್, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಡುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಆದರೆ ಅದು ಸುಳ್ಳು. ನನ್ನ ನಕಲು ಮಾಡಲು ಹೋದರೆ ಏನೂ ಬರುವುದಿಲ್ಲ. ಕಷ್ಟದ ಮಾತು ಬಂದಾಗಲೆಲ್ಲ ನಾನು ಯಾರದೋ ದನಿಯನ್ನು ಎರವಲು ತಂದೇ ಆಡುವುದು. ಫೌಂಡ್ರಿಯ ಇಂಟರ್‌ವ್ಯೂ ಕೊಟ್ಟಿದ್ದು ನಮ್ಮ ಕಾಲೇಜಿನ ಪ್ರಿನ್ಸಿಪಾಲರ ದನಿಯಲ್ಲಿ. ರಜೆ ಕೇಳುವುದು ಅಪ್ಪನ ದನಿಯಲ್ಲಿ.

ಫೌಂಡ್ರಿಯಲ್ಲಿ ನನ್ನ ಕೆಲಸವೇನೆಂದರೆ, ತಯಾರಾಗಿ ಬಂದ ಎರಕದ ತುಂಡುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುವುದು. ಗಟ್ಟಿ ಮಾಲು ಗಂಟೆಯಂತೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಮೊದ್ದು ಸದ್ದು. ದಿನಕ್ಕೆ ನೂರಾರು ತುಂಡು ತಟ್ಟಿ, ಕೆಟ್ಟದ್ದನ್ನು ಕಿವಿಯಿಂದಲೇ ಹಿಡಿದು ಬದಿಗಿಡುವವನು ನಾನು. ಮನೆಯಲ್ಲಿ ಮೂರು ವಾರ ಮೊದ್ದು ಸದ್ದು ಬರುತ್ತಿತ್ತು, ಕೇಳಿದವನೂ ನಾನೇ.

ಅವು ಪರೀಕ್ಷೆಯ ದಿನಗಳು. ಬಿಸಿಲು ಆಗಲೇ ಏರತೊಡಗಿತ್ತು, ಅಪ್ಪ ಕೂಲರನ್ನು ಅಟ್ಟದಿಂದ ಇಳಿಸಿ, ನೀರು ಹಿಡಿಯುವ ಅದರ ಹುಲ್ಲು ಬದಲಿಸುವ ಮಾತಾಡುತ್ತಿದ್ದ. ಅತ್ತೆ ಶಾಲೆಯಿಂದ ಬಂದು ಸ್ಕೂಟಿಯನ್ನು ಸ್ಟ್ಯಾಂಡಿಗೆ ಹಾಕಿದ ಮೇಲೆ ಒಂದು ಗಳಿಗೆ ಅಲ್ಲೇ ನಿಲ್ಲುವಳು. ಎಡಗೈ ಹಿಂದಕ್ಕೆ ಹೋಗುತ್ತಿತ್ತು. ಹೆಬ್ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ, ಕಡೆಯ ಪಕ್ಕೆಲುಬಿನ ಕೆಳಗೆ, ಬೆನ್ನುಮೂಳೆಯಿಂದ ಮೂರು ಬೆರಳು ಆಚೆ. ಬಲಭುಜ ಸ್ವಲ್ಪ ಮೇಲೆ. ಹಲ್ಲಿನ ಸಂದಿಯಿಂದ ಉಸಿರನ್ನು ಒಳಗೆಳೆದು, ಅರ್ಧ ‘ಅಯ್ಯ’ ಅಂದು, ಉಳಿದರ್ಧವನ್ನು ನುಂಗುವಳು. ಅವ್ವ ಕೇಳಿದರೆ ಗ್ಯಾಸ್ ಆಗಿದೆ ಎನ್ನುವಳು. ಅವ್ವ ಅಜವಾನ ಕುದಿಸಿಕೊಡುವಳು, ಮಜ್ಜಿಗೆಗೆ ಇಂಗು ಹಾಕಿಕೊಡುವಳು. ನಮ್ಮ ಮನೆಯಲ್ಲಿ ಎದೆಯಿಂದ ಮೊಣಕಾಲಿನವರೆಗಿನ ಎಲ್ಲ ನೋವಿಗೂ ಗ್ಯಾಸೇ ಕಾರಣ. ಅಪ್ಪನಂತೂ ತಲೆನೋವಿಗೂ ಅದನ್ನೇ ಹೇಳುತ್ತಾನೆ.

ಅತ್ತೆಗೆ ಸಕ್ಕರೆ ಕಾಯಿಲೆ ಶುರುವಾಗಿ ಹತ್ತು ವರ್ಷದ ಮೇಲಾಗಿತ್ತು. ಗುಳಿಗೆಯನ್ನು ನೆನಪಾದ ದಿನ ನುಂಗುತ್ತಿದ್ದಳು. ಶಾಲೆಯಲ್ಲಿ ಟೀಚರುಗಳಿಗೆ ಇದ್ದದ್ದು ಒಂದೇ ಬಾತ್‌ರೂಮ್, ಅದರ ಚಿಲಕ ಸರಿಯಿಲ್ಲ. ಅಲ್ಲಿಗೆ ಹೋಗುವ ಗೋಜೇ ಬೇಡವೆಂದು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಅವಳಷ್ಟೇ ಅಲ್ಲ, ಅಲ್ಲಿನ ಹೆಂಗಸರೆಲ್ಲ ಹಾಗೆಯೇ ಅಂತೆ. ಉರಿಮೂತ್ರ ಬಂದು ಹೋಗಿ, ಬಂದು ಹೋಗಿ ಮಾಡುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಇಂಥದ್ದನ್ನು ಅವಳು ಅವ್ವನಿಗೇ ಹೇಳಿರಲಿಲ್ಲ, ಇನ್ನು ಊರಿಗೆಲ್ಲ ಆಡಿ ತೋರಿಸುವ ನನಗೆ ಹೇಳುತ್ತಾಳೆಯೇ?

ತಿಂಗಳಿಗೊಂದು ಭಾನುವಾರ ಇಲ್ಲಿನ ಮೂರ್ನಾಲ್ಕು ಕನ್ನಡ ಮನೆಗಳವರು ಒಬ್ಬರ ಮನೆಯಲ್ಲಿ ಸೇರಿ ರೊಟ್ಟಿ ಊಟ ಮಾಡುವ ರೂಢಿ. ಊಟವಾದ ಮೇಲೆ ನನ್ನ ನಕಲು. ಆ ಸಲ ನಮ್ಮ ಮನೆಯ ಸರದಿ. ನಾನು ಅವ್ವನ ಸೀರೆಯೊಂದನ್ನು ಸೆರಗಿನಂತೆ ಹೆಗಲಿಗೆ ಹಾಕಿಕೊಂಡು, ಇಲ್ಲದ ಸ್ಕೂಟಿಯನ್ನು ಸ್ಟ್ಯಾಂಡಿಗೆ ಹಾಕಿ, ಎಡಗೈ ಹಿಂದಕ್ಕೊಯ್ದು, ಭುಜ ಎತ್ತಿ, ಹಲ್ಲಿನ ಸಂದಿಯಿಂದ ಉಸಿರೆಳೆದೆ. ‘ಅಯ್...’ ಅಂದೆ. ಉಳಿದರ್ಧ ನುಂಗಿದೆ. ಎಲ್ಲರಿಗೂ ನಕ್ಕು ನಕ್ಕು ಸಾಕಾಯಿತು. ಒಬ್ಬ ಹಿರಿಯರು ಇನ್ನೊಮ್ಮೆ ಮಾಡು ಎಂದರು. ಮಾಡಿದೆ. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಲರೂ ತನ್ನ ಕಡೆಗೆ ತಿರುಗಿದ ಮೇಲೆ ಅವಳೂ ನಕ್ಕಳು. ಆಗ ಅವಳ ಎಡಗೈ ಬೆನ್ನ ಮೇಲಿತ್ತು. ಮೆಲ್ಲಗೆ ಅದನ್ನು ಕೆಳಗಿಳಿಸಿದ್ದನ್ನು ನೋಡಿದೆ.

ಅಂದಿನಿಂದ ಅತ್ತೆ ನರಳಲಿಲ್ಲ. ಸ್ಕೂಟಿ ನಿಲ್ಲಿಸಿ ನೆಟ್ಟಗೆ ಒಳಗೆ ಬರುವಳು. ಅಜವಾನ ಕೇಳಲಿಲ್ಲ. ನಾನು ಅವ್ವನ ಮುಂದೆ ಜಂಬ ಕೊಚ್ಚಿದೆ: ನಿನ್ನ ಕಷಾಯಕ್ಕೆ ಆಗದ್ದು ನನ್ನ ನಕಲಿಗೆ ಆಯಿತು, ಫೀಸು ಕೊಡಿಸು ಎಂದೆ. ಅತ್ತೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ನರಳುತ್ತಿದ್ದಳು ಎಂಬುದನ್ನು ಅವ್ವ ಹೇಳಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ನೀರು ಯಾಕಿಷ್ಟು ಹಾಳು ಮಾಡುತ್ತಿದ್ದಾಳೆ ಎಂದು ತಾನು ಬೈದದ್ದನ್ನೂ ಅವ್ವ ಅಲ್ಲೇ ಹೇಳಿದಳು.

ಬುಧವಾರ ಚಳಿಜ್ವರ ಬಂತು. ಬೈಕಿನ ಹಿಂದೆ ಕೂಡಿಸಿಕೊಂಡು ಓಣಿಯ ಡಾಕ್ಟರ ಹತ್ತಿರ ಕರೆದೊಯ್ದೆ. ಎಲ್ಲಿ ನೋವು ಎಂದು ಅವರು ಅತ್ತೆಯನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಅವಳ ದನಿಯಲ್ಲಿ, ಮರಾಠಿಯಲ್ಲಿ, ಗ್ಯಾಸ್ ಆಗಿದೆ ಡಾಕ್ಟರ್ ಎಂದು ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದೆ. ಡಾಕ್ಟರು ನಕ್ಕರು. ಇದನ್ನು ನಾನು ಎಷ್ಟೋ ಸಲ ನೆನೆನೆನೆದು ನೋಡಿದ್ದೇನೆ. ಭಾನುವಾರ ಬೆನ್ನ ಮೇಲಿದ್ದ ನನ್ನ ಕೈ ಬುಧವಾರ ಹೊಟ್ಟೆಗೆ ಯಾಕೆ ಬಂತು? ಗ್ಯಾಸ್ ಎಂಬ ಮಾತಿಗೆ ಹೊಟ್ಟೆಯೇ ಜಾಗ, ಅದಕ್ಕೆ. ಜೀವಮಾನದಲ್ಲಿ ಅದೊಂದು ಸಲ ಮೈಯನ್ನು ಬಿಟ್ಟು ಮಾತನ್ನು ನಂಬಿದೆ.

ಡಾಕ್ಟರು ಜ್ವರಕ್ಕೆ, ಹುಳಿತೇಗಿಗೆ ಗುಳಿಗೆ ಕೊಟ್ಟರು. ಸಕ್ಕರೆ ಇದ್ದವರು ನೀವು, ರಕ್ತ ಮತ್ತು ಮೂತ್ರದ ತಪಾಸಣೆ ನಾಳೆಯೇ ಆಗಲಿ ಎಂದು ಚೀಟಿಯನ್ನೂ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ಮಡಿಸಿ ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಸಿಕ್ಕಿಸಿದಳು. ಪರೀಕ್ಷೆ ಮುಗಿಯಲಿ ಎಂದಳು. ನಾನು ಸರಿ ಎಂದೆ.

ಶುಕ್ರವಾರ ಬೆಳಿಗ್ಗೆ ಅವಳು ಸೀರೆಯನ್ನು ತಿರುವುಮುರುವು ಉಟ್ಟು ಮಂಚದ ಅಂಚಿನಲ್ಲಿ ಕುಳಿತಿದ್ದಳು. ಕೈಯಲ್ಲಿ ಸ್ಕೂಟಿಯ ಕೀಲಿ. ಅದು ಏನೆಂದು ತಿಳಿಯದವಳಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅವ್ವ ಚಹಾ ತಂದರೆ ಮರಾಠಿಯಲ್ಲಿ ನಿನ್ನ ರೋಲ್ ನಂಬರ್ ಎಷ್ಟು ಎಂದು ಕೇಳಿದಳು. ನನಗೆ ನಗು ಬಂತು. ಹೌದು, ಆಗಲೂ ಬಂತು. ಆಮೇಲೆ ಅವಳು ವಾಂತಿ ಮಾಡಿದಳು. ಹಣೆ ಮುಟ್ಟಿ ನೋಡಿದ ಅಪ್ಪ ಕೆಮ್ಮದೆ, ಬರೋಬರ್ ಎನ್ನದೆ, ಆಟೋ ತಾ ಎಂದಷ್ಟೇ ಹೇಳಿದ.

ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ನರ್ಸು ಇನ್ನೊಮ್ಮೆ ನೋಡಿದಳು; ಅಷ್ಟು ಕೆಳಗಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆಯ ಮೀಟರು ಅಂಕಿಯನ್ನೇ ತೋರಿಸಲಿಲ್ಲ. ಅದು ಅಳೆಯಬಲ್ಲ ಮಿತಿಯನ್ನೇ ಸಕ್ಕರೆ ದಾಟಿತ್ತು. ಎರಡೂ ಕೈಗೆ ಸಲೈನ್ ಹಚ್ಚಿದರು. ಸೊನೋಗ್ರಫಿ ಮಾಡಿದವರು ಒಳಗೆ ಗ್ಯಾಸ್ ತುಂಬ ಅಡ್ಡ ಬರುತ್ತಿದೆ, ಎಡ ಮೂತ್ರಪಿಂಡ ಸರಿಯಾಗಿ ಕಾಣುತ್ತಿಲ್ಲ ಎಂದು ಬರೆದುಕೊಟ್ಟರು. ಅದನ್ನು ಓದಿದ ಅಪ್ಪನಿಗೆ ಸ್ವಲ್ಪ ಧೈರ್ಯ ಬಂತು. ನೋಡಿದಿಯಾ, ಗ್ಯಾಸೇ, ಅಂದ. ನನಗೂ ಧೈರ್ಯ ಬಂತು. ಆ ಐದು ನಿಮಿಷದಷ್ಟು ನಿರಾಳವಾಗಿ ನಾನು ಆಮೇಲೆ ಯಾವತ್ತೂ ಇದ್ದಿಲ್ಲ.

ಅತ್ತೆಯ ಕೇಸು ನೋಡುತ್ತಿದ್ದವಳು ಒಬ್ಬ ಸಣ್ಣ ವಯಸ್ಸಿನ ಡಾಕ್ಟರು. ನಾವು ಮಾತಾಡುವುದನ್ನು ಕೇಳಿ ಕನ್ನಡದಲ್ಲೇ ಮಾತಾಡಿದಳು, ಮೈಸೂರು ಕಡೆಯ ಕನ್ನಡ. ಬೇರೆ ದಿನವಾಗಿದ್ದರೆ ಎರಡು ನಿಮಿಷದಲ್ಲಿ ಅವಳ ದನಿ ನನ್ನ ಜೋಳಿಗೆಗೆ ಬೀಳುತ್ತಿತ್ತು. ಅವಳು ಸೊನೋಗ್ರಫಿಯ ವರದಿ ಓದಿ ಮುಖ ಗಂಟಿಕ್ಕಿದಳು. ಜ್ವರ, ವಾಂತಿ, ಈ ಸಕ್ಕರೆ, ಮತ್ತು ಕಾಣಬೇಕಾದ ಜಾಗದಲ್ಲಿ ಕಾಣದ ಕಿಡ್ನಿ. ಅತ್ತೆಯನ್ನು ಕೇಳಿದರೆ ಅವಳು ಕಣ್ಣು ಮುಚ್ಚಿಕೊಂಡೇ ‘ಹಾತಾಚಿ ಘಡೀ’ ಎನ್ನುತ್ತಿದ್ದಳು. ಡಾಕ್ಟರು ನಮ್ಮ ಕಡೆ ತಿರುಗಿದಳು.

“ಇಷ್ಟು ದಿನ ಇವ್ರು ಎಲ್ಲಿ ನೋವು ಅಂತಿದ್ರು? ಬಾಯಲ್ಲಿ ಹೇಳಿದ್ದು ಬೇಡ. ಕೈ ಎಲ್ಲಿಡ್ತಿದ್ರು?”

ಅಪ್ಪ ಅವ್ವನನ್ನು ನೋಡಿದ. ಅವ್ವ ನನ್ನನ್ನು ನೋಡಿದಳು. ನಮ್ಮ ಮನೆಯಲ್ಲಿ ಅದಕ್ಕೆ ಉತ್ತರ ಇದ್ದದ್ದು ಒಬ್ಬನ ಹತ್ತಿರ.

ನಾನು ಎದ್ದು ನಿಂತೆ. ಬಲಭುಜ ಎತ್ತಿದೆ. ಎಡಗೈ ಹಿಂದಕ್ಕೆ ಹೋಯಿತು. ಹೆಬ್ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ. ಉಸಿರೆಳೆದೆ, ಅರ್ಧ ‘ಅಯ್ಯ’ ಅಂದೆ, ಉಳಿದರ್ಧ ನುಂಗಿದೆ. ಯಾರೂ ನಗಲಿಲ್ಲ. ಡಾಕ್ಟರು ನನ್ನ ಬೆನ್ನ ಹಿಂದೆ ಬಂದು, ನನ್ನ ಬೆರಳುಗಳು ಒತ್ತಿದ ಜಾಗವನ್ನು ಬಗ್ಗಿ ನೋಡಿದಳು. ಆಮೇಲೆ ಮಂಚದ ಬಳಿ ಹೋಗಿ, ಅತ್ತೆಯನ್ನು ಸ್ವಲ್ಪ ಮಗ್ಗುಲಾಗಿಸಿ, ಅದೇ ಜಾಗವನ್ನು ಮುಷ್ಟಿಯಿಂದ ಮೆಲ್ಲಗೆ ತಟ್ಟಿದಳು. ಪ್ರಜ್ಞೆ ಅರ್ಧ ಹೋಗಿದ್ದ ಅತ್ತೆ ಹಲ್ಲಿನ ಸಂದಿಯಿಂದ ಉಸಿರೆಳೆದು ‘ಅಯ್...’ ಎಂದಳು. ಈಗಷ್ಟೇ ನಾನು ಹೊರಡಿಸಿದ ಸದ್ದು, ಕೂದಲೆಳೆಯ ವ್ಯತ್ಯಾಸವಿಲ್ಲದೆ.

ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರು ಕೇಳಿದಳು. ಮೂರು ವಾರ ಎಂದೆ. ನಿಮಗೆ ಇಷ್ಟು ಕರೆಕ್ಟಾಗಿ ಗೊತ್ತಿತ್ತಾ ಎಂದಳು. ಬೈಯುವ ದನಿಯಲ್ಲ ಅದು. ಬೈದಿದ್ದರೆ ಚೆನ್ನಾಗಿತ್ತು.

ಕೂಡಲೇ ಸಿ.ಟಿ. ಸ್ಕ್ಯಾನಿಗೆ ಕಳಿಸಿದರು. ಕಿಡ್ನಿಯ ಕೆಲಸ ಆಗಲೇ ಕುಂಟುತ್ತಿದ್ದುದರಿಂದ ಬಣ್ಣದ ಔಷಧಿ ಚುಚ್ಚದೆ ಮಾಡಿದರು. ಕಂಪ್ಯೂಟರಿನ ಮೇಲೆ ಅಪ್ಪನಿಗೆ ತೋರಿಸುವಾಗ ನಾನೂ ಬಗ್ಗಿದೆ. ಬಲಕ್ಕೆ ಒಂದು ಕಿಡ್ನಿ, ಬೂದು ಬಣ್ಣ, ನಯ. ಎಡಕ್ಕೆ ಇರಬೇಕಾದದ್ದು ಊದಿಕೊಂಡಿತ್ತು, ಅದರ ಮಾಂಸದ ತುಂಬ ಕಪ್ಪು ಗುಳ್ಳೆಗಳು, ಗೆರೆಗಳು. ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎರಕದೊಳಗೆ ಗಾಳಿ ಸಿಕ್ಕಿಕೊಂಡು ಗುಳ್ಳೆ ಬಿದ್ದರೆ ಎಕ್ಸ್‌ರೇಯಲ್ಲಿ ಹೀಗೆಯೇ ಕಾಣುತ್ತದೆ. ಅಂಥ ಮಾಲಿನ ಮೇಲೆ ನಾನು ಕೆಂಪು ಬಣ್ಣದಲ್ಲಿ ಕಾಟು ಹಾಕಿ ಬದಿಗಿಡುತ್ತೇನೆ.

ಡಾಕ್ಟರು ನಿಧಾನವಾಗಿ ಹೇಳಿದಳು. ಮೂತ್ರದ ದಾರಿಯಿಂದ ಏರಿದ ರೋಗಾಣುಗಳು ಕಿಡ್ನಿಯಲ್ಲಿ ಸೇರಿವೆ. ಅಲ್ಲಿ ಅವಕ್ಕೆ ತಿನ್ನಲು ಬೇಕಾದಷ್ಟು ಸಕ್ಕರೆ. ದೋಸೆ ಹಿಟ್ಟು ಹುದುಗು ಬರುವಂತೆ ಆ ಸಕ್ಕರೆಯನ್ನು ಹುಳಿಸಿ ಗಾಳಿ ಹುಟ್ಟಿಸುತ್ತಿವೆ. ಆ ಗಾಳಿಯ ಒತ್ತಡಕ್ಕೆ ರಕ್ತ ಸರಿಯಾಗಿ ಓಡುವುದಿಲ್ಲ, ರಕ್ತ ಓಡದ ಕಡೆ ಔಷಧಿಯೂ ತಲುಪುವುದಿಲ್ಲ, ಕಿಡ್ನಿ ಜೀವಂತ ಕೊಳೆಯುತ್ತದೆ. ಸೊನೋಗ್ರಫಿಯಲ್ಲಿ ಕಿಡ್ನಿಯನ್ನು ಮರೆಮಾಡಿದ್ದು ಕರುಳಿನ ಗಾಳಿಯಲ್ಲ, ಕಿಡ್ನಿಯೊಳಗಿನ ಗಾಳಿಯೇ. ಇದಕ್ಕೆ ಮೊದಲು ನೇರ ಆಪರೇಷನ್ನೇ ಮಾಡುತ್ತಿದ್ದರು. ಈಗ ಸಾಧ್ಯವಾದಷ್ಟು ಉಳಿಸಲು ನೋಡುತ್ತೇವೆ, ಆದರೆ ಜೀವವಾ ಕಿಡ್ನಿಯಾ ಅಂತ ಬಂದರೆ ಜೀವ, ಎಂದಳು. ಅಪ್ಪ ತಲೆಯಾಡಿಸಿದ. ದೋಸೆ ಹಿಟ್ಟಿನ ಮಾತಿಗೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ದೋಸೆ ಆಗಲಿಲ್ಲ.

ಅಂದು ಮಧ್ಯಾಹ್ನವೇ, ಯಂತ್ರದಲ್ಲಿ ನೋಡುತ್ತ, ಬೆನ್ನಿನಿಂದ ಒಂದು ತೆಳು ನಳಿಕೆ ಒಳಗೆ ಹಾಕಿದರು. ನನ್ನ ನಾಲ್ಕು ಬೆರಳು ಒತ್ತಿ ತೋರಿಸಿದ ಜಾಗಕ್ಕೆ ಹತ್ತಿರವೇ. ನಳಿಕೆಯ ತುದಿಗೆ ಕಟ್ಟಿದ ಚೀಲದಲ್ಲಿ ಕೀವು ಇಳಿಯಿತು, ನಡುನಡುವೆ ಗುಳ್ಳೆ ಬಂತು. ಒಂದು ಕೈಗೆ ಇನ್ಸುಲಿನ್, ಇನ್ನೊಂದಕ್ಕೆ ದೊಡ್ಡ ಆ್ಯಂಟಿಬಯೋಟಿಕ್, ಬಿ.ಪಿ. ಎತ್ತಲು ಮತ್ತೊಂದು ಔಷಧಿ. ಐ.ಸಿ.ಯು.ಗೆ ದಿನಕ್ಕೊಮ್ಮೆ, ನಾಲ್ಕು ಗಂಟೆಗೆ, ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ನಾನು ನನ್ನ ಸರದಿಯನ್ನು ಅವ್ವನಿಗೆ ಬಿಟ್ಟುಕೊಡುತ್ತಿದ್ದೆ. ಒಳ್ಳೆಯ ಹುಡುಗ ಎಂದಳು ಅವ್ವ. ಹೆದರಿಕೆ ಅದು.

ಮೂರನೆಯ ದಿನ ಜ್ವರ ಇಳಿಯಿತು. ಅತ್ತೆ ಅವ್ವನನ್ನು ಗುರುತಿಸಿ, ಉತ್ತರಪತ್ರಿಕೆಗಳ ಕಟ್ಟನ್ನು ಶಾಲೆಗೆ ಮುಟ್ಟಿಸು ಎಂದಳಂತೆ. ನಾನೇ ಒಯ್ದು ಕೊಟ್ಟೆ. ಕಟ್ಟಿನ ನಡುವೆ ಆ ತಪಾಸಣೆಯ ಚೀಟಿ ಇತ್ತು, ತೆಗೆದು ಜೇಬಿನಲ್ಲಿಟ್ಟುಕೊಂಡೆ. ಅಲ್ಲಿನ ಟೀಚರೊಬ್ಬರು ಬಾತ್‌ರೂಮಿನ ಚಿಲಕದ ವಿಷಯ ಹೇಳಿದ್ದು ಆಗಲೇ. ಐದನೆಯ ದಿನ ಚಳಿ ಮರುಕಳಿಸಿತು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿಯುತ್ತಿವೆ ಎಂದರು. ಮತ್ತೆ ಸ್ಕ್ಯಾನ್ ಮಾಡಿದರೆ ನಳಿಕೆ ಮುಟ್ಟದ ಮೂಲೆಗಳಲ್ಲಿ ಹೊಸ ಕಪ್ಪು. ದೊಡ್ಡ ಡಾಕ್ಟರು ಬಂದು, ಇನ್ನು ಕಾಯುವುದು ಬೇಡ, ಎಡ ಕಿಡ್ನಿ ತೆಗೆಯಬೇಕು ಎಂದರು. ಅಪ್ಪ ಕಾಗದಕ್ಕೆ ಸಹಿ ಹಾಕಿದ. ಮೂವತ್ತು ವರ್ಷ ರೈಲ್ವೆಯಲ್ಲಿ ಒಂದೇ ತರಹ ಸಹಿ ಹಾಕಿದವನು, ಅಂದು ತನ್ನ ಹೆಸರಿನ ನಡುವೆ ನಿಂತುಬಿಟ್ಟ. ಮುಂದಿನ ಅಕ್ಷರ ಯಾವುದು ಎನ್ನುವವನಂತೆ ನನ್ನ ಮುಖ ನೋಡಿದ.

ಅತ್ತೆ ಉಳಿದಳು. ಬಂದವರೆಲ್ಲ ಅದನ್ನೇ ಹೇಳುತ್ತಾರೆ, ಉಳಿದಳಲ್ಲ, ದೇವರು ದೊಡ್ಡವನು. ಉಳಿದವಳು ಮೊದಲಿನವಳಲ್ಲ. ಬಲ ಕಿಡ್ನಿಗೂ ಪೆಟ್ಟು ಬಿದ್ದಿದೆ, ಅದು ಪೂರ್ತಿ ಚೇತರಿಸಿಕೊಳ್ಳುತ್ತದೋ ಇಲ್ಲವೋ ತಿಂಗಳು ತಿಂಗಳು ರಕ್ತ ನೋಡಿಯೇ ಹೇಳಬೇಕು. ಇಲ್ಲವಾದರೆ ಮುಂದೆ ಡಯಾಲಿಸಿಸ್. ಶಾಲೆ ಬಿಟ್ಟಳು. ಸ್ಕೂಟಿ ಧೂಳು ಹಿಡಿದು ನಿಂತಿದೆ. ಉಪ್ಪಿಲ್ಲದ ಸಾರು, ಹೊತ್ತು ಹೊತ್ತಿಗೆ ಇನ್ಸುಲಿನ್, ಅಳೆದು ಕುಡಿಯುವ ನೀರು. ಜೀವಮಾನವೆಲ್ಲ ಎದ್ದು ನಿಂತು ಪಾಠ ಹೇಳಿದವಳು ಕೂಲರಿನ ಮುಂದೆ ಕುರ್ಚಿಯಲ್ಲಿ ಕುಳಿತು, ಅದರ ಸದ್ದು ಕೇಳುತ್ತ ಮಧ್ಯಾಹ್ನ ಕಳೆಯುತ್ತಾಳೆ. ಎಡಗೈ ಈಗಲೂ ಕೆಲವೊಮ್ಮೆ ಹಿಂದಕ್ಕೆ ಹೋಗುತ್ತದೆ. ಅಲ್ಲೀಗ ಒಂದು ಉದ್ದ ಹೊಲಿಗೆಯ ಗೆರೆ ಇದೆ, ಕಿಡ್ನಿ ಇಲ್ಲ.

ನಾನು ನಕಲು ಬಿಟ್ಟೆ. ಬಿಟ್ಟೆ ಅನ್ನುವುದು ದೊಡ್ಡ ಮಾತು. ಭಾನುವಾರದ ರೊಟ್ಟಿ ಊಟ ನಮ್ಮ ಮನೆಗೆ ಬರುವುದೇ ನಿಂತಿತು, ಬೇರೆ ಮನೆಗೆ ನಾವು ಹೋಗುವುದೂ ನಿಂತಿತು. ಫೌಂಡ್ರಿಯಲ್ಲಿ ಸೂಪರ್‌ವೈಜರ್ ಎದುರಿಗೆ ಬಂದರೂ ಅವನ ನಡಿಗೆ ನನ್ನ ಕಾಲಿಗೆ ಬರುವುದಿಲ್ಲ. ಸುತ್ತಿಗೆ ತಟ್ಟುತ್ತೇನೆ, ಕೇಳುತ್ತೇನೆ. ಮೊದಲು ಒಂದು ಸಲ ತಟ್ಟಿ ಮುಂದೆ ಕಳಿಸುತ್ತಿದ್ದುದನ್ನು ಈಗ ಮೂರು ಸಲ ತಟ್ಟುತ್ತೇನೆ. ಕೆಲಸ ನಿಧಾನವಾಯಿತೆಂದು ಬೈಸಿಕೊಂಡಿದ್ದೇನೆ.

ಅತ್ತೆ ನನ್ನ ಜೊತೆ ಮಾತು ಬಿಟ್ಟಿಲ್ಲ. ಗುಳಿಗೆ ತಾ ಅನ್ನುತ್ತಾಳೆ, ಬಾಗಿಲು ಹಾಕು ಅನ್ನುತ್ತಾಳೆ. ಆದರೆ ನಾನು ಕೋಣೆಗೆ ಬಂದಾಗ ಬೆನ್ನ ಮೇಲಿನ ಕೈಯನ್ನು ಕೆಳಗಿಳಿಸುತ್ತಾಳೆ. ಆ ಭಾನುವಾರ ಬಾಗಿಲಿಗೆ ಒರಗಿ ಇಳಿಸಿದಂತೆಯೇ, ಮೆಲ್ಲಗೆ. ಅದನ್ನು ನೋಡಲಾಗದೆ ಮಾಫಿ ಕೇಳಿಬಿಡಬೇಕೆಂದು ನಿಶ್ಚಯಿಸಿದೆ. ಆಡುವ ಮಾತನ್ನು ಹಿಂಗಣಾದಿಂದ ಬೈಕಿನಲ್ಲಿ ಬರುತ್ತ ಹದಿನೈದು ದಿನ ಉರುಹೊಡೆದೆ.

ಒಂದು ಶನಿವಾರ ಸಂಜೆ, ಅವ್ವ ಅಪ್ಪ ತರಕಾರಿಗೆ ಹೋಗಿದ್ದಾಗ, ಅವಳ ಕುರ್ಚಿಯ ಎದುರಿಗೆ ನೆಲದ ಮೇಲೆ ಕುಳಿತೆ. ಅವಳು ಕೂಲರ್ ಆರಿಸು ಎಂದಳು. ಆರಿಸಿದೆ.   ಎರಡು ಸಲ ಕೆಮ್ಮಿದೆ. ಇಲ್ಲದ ಕನ್ನಡಕವನ್ನು ಏರಿಸಲು ಕೈ ಹಣೆಗೆ ಹೋಯಿತು.

“ಅತ್ತೀ, ಆಗಬಾರದ್ದ ಆಗಿ ಹೋತು,” ಎಂದೆ. “ತಪ್ಪ ನಂದ ಐತಿ. ನಾ ಇಲ್ಲಾ ಅನ್ನಂಗಿಲ್ಲ. ದೊಡ್ಡ ಮನಸ್ಸ ಮಾಡಿ ಮಾಫ್ ಮಾಡಬೇಕು, ಬರೋಬರ್?”

ಆಡಿ ಮುಗಿಸಿದ ಮೇಲೆ ನನ್ನ ಕಿವಿಗೇ ಅದು ಬಿತ್ತು. ಬಾಯಿಂದ ಹೋದದ್ದನ್ನು ಹಿಂದೆ ತರಲಾಗಲಿಲ್ಲ. ಅತ್ತೆ ನನ್ನನ್ನು ನೋಡಿದಳು, ತಪ್ಪು ಉತ್ತರ ಬರೆದ ಹುಡುಗನ ಪಾಟಿ ನೋಡುವಂತೆ. ಆಮೇಲೆ ಒಂದೇ ಮಾತು ಆಡಿದಳು. 

“ಕಿಡ್ನಿ ಹೋಗಿದ್ದು ನಂದು, ಮಾಫಿ ಕೇಳಾಕತ್ತಾಂವ ನಮ್ಮಣ್ಣ. ನೀ ಯಾವಾಗ ಬರಾಂವಾ?”